ಹಸಿವಿನ ಹಿಂದಿನ ಲೆಕ್ಕ: ಅಮೆರಿಕದ ಫುಡ್ ಪ್ಯಾಂಟ್ರಿಗಳೂ ನಿವೃತ್ತ ಸಮಾಜಕಾರ್ಯಕರ್ತರೂ

ಅಮೆರಿಕದ ಊರುಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲೋ, ಸಮುದಾಯ ಭವನದ ಹಿಂಬದಿಯ ಕೊಠಡಿಯಲ್ಲೋ ವಾರಕ್ಕೆ ಒಂದೆರಡು ದಿನ ಬಾಗಿಲು ತೆರೆದು, ಬಂದವರಿಗೆ ಅಕ್ಕಿ, ಕಾಳು, ಹಾಲು, ತರಕಾರಿ, ತಗಡಿನ ಡಬ್ಬಿಯ ಆಹಾರ ಮೊದಲಾದ ದಿನಸಿಯನ್ನು ಹಣ ಪಡೆಯದೆ ಕೊಡುವ ವ್ಯವಸ್ಥೆಗೆ ಫುಡ್ ಪ್ಯಾಂಟ್ರಿ ಎಂದು ಹೆಸರು. ಇದನ್ನು ಇದರ ಜೊತೆಗೇ ಹೇಳಲಾಗುವ ಇನ್ನೆರಡು ವ್ಯವಸ್ಥೆಗಳಿಂದ ಬೇರ್ಪಡಿಸಿಕೊಳ್ಳುವುದು ಅಗತ್ಯ. ಬೇಯಿಸಿದ ಊಟವನ್ನು ಸ್ಥಳದಲ್ಲೇ ಬಡಿಸುವುದು ಸೂಪ್ ಕಿಚನ್. ಆಹಾರವನ್ನು ಲಾರಿಗಟ್ಟಲೆ ಸಂಗ್ರಹಿಸಿ, ದೊಡ್ಡ ಗೋದಾಮುಗಳಲ್ಲಿಟ್ಟು, ನೂರಾರು ಪ್ಯಾಂಟ್ರಿಗಳಿಗೆ ಹಂಚುವುದು ಫುಡ್ ಬ್ಯಾಂಕ್. ಆ ಸರಪಳಿಯ ಕೊನೆಯಲ್ಲಿ, ಮನೆಗೆ ಒಯ್ದು ಅಡುಗೆ ಮಾಡಿಕೊಳ್ಳುವ ಪದಾರ್ಥವನ್ನು ಕುಟುಂಬದ ಕೈಗೆ ಮುಟ್ಟಿಸುವುದು ಫುಡ್ ಪ್ಯಾಂಟ್ರಿ. ಫೀಡಿಂಗ್ ಅಮೆರಿಕ ಎಂಬ ರಾಷ್ಟ್ರೀಯ ಜಾಲವೊಂದರಲ್ಲೇ ಸುಮಾರು 200 ಫುಡ್ ಬ್ಯಾಂಕುಗಳೂ ಅವುಗಳಿಗೆ ಹೊಂದಿಕೊಂಡ 60,000ದಷ್ಟು ಪ್ಯಾಂಟ್ರಿ ಮತ್ತು ಊಟದ ಕೇಂದ್ರಗಳೂ ಇವೆ. ಇಂಥ ಸಾವಿರಾರು ಪ್ಯಾಂಟ್ರಿಗಳಲ್ಲಿ ಸಂಬಳದ ನೌಕರರೇ ಇರುವುದಿಲ್ಲವಾದ್ದರಿಂದ, ಅವುಗಳ ಸಂಚಾಲನೆಯ ಹೊಣೆ ಬಹಳ ಕಡೆ ನಿವೃತ್ತರ ಮೇಲೆ ಬೀಳುತ್ತದೆ. ಆ ನಿವೃತ್ತರಲ್ಲಿ ಕೌಂಟಿಯ, ಅಂದರೆ ಜಿಲ್ಲಾಡಳಿತದ, ಸಮಾಜಸೇವಾ ಕಚೇರಿ, ಆಸ್ಪತ್ರೆ, ಮಕ್ಕಳ ರಕ್ಷಣಾ ವಿಭಾಗ, ವೃದ್ಧರ ಸೇವಾ ಘಟಕ ಇಂಥಲ್ಲಿ ಜೀವಮಾನ ದುಡಿದು ಬಂದವರೂ ಇರುತ್ತಾರೆ. ಆ ವೃತ್ತಿಯಿಂದ ಅವರು ಹೊತ್ತು ತರುವುದರಲ್ಲಿ ಯಾವುದು ಪ್ಯಾಂಟ್ರಿಗೆ ಬಲ, ಯಾವುದು ಭಾರ ಎಂಬುದು ಈ ಬರಹದ ವಿಚಾರ.

ಮೊದಲಿಗೆ ವ್ಯವಸ್ಥೆಯ ಹುಟ್ಟನ್ನು ನೋಡಬೇಕು. ಜಗತ್ತಿನ ಮೊದಲ ಫುಡ್ ಬ್ಯಾಂಕ್ ಎಂದು ಹೇಳಲಾಗುವ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ 1967ರಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಜಾನ್ ವ್ಯಾನ್ ಹೆಂಗೆಲ್ ವ್ಯಾಪಾರದಿಂದ ನಿವೃತ್ತರಾಗಿ ಸ್ಥಳೀಯ ಊಟದ ಕೇಂದ್ರವೊಂದರಲ್ಲಿ ಸ್ವಯಂಸೇವೆ ಮಾಡುತ್ತಿದ್ದವರು. ಕಿರಾಣಿ ಮಳಿಗೆಗಳು ಕಸಕ್ಕೆ ಎಸೆದ ಆಹಾರವನ್ನು ಆಯ್ದು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬರು, ಹೀಗೆ ಎಸೆಯುವುದನ್ನು ಒಂದೆಡೆ ಇಟ್ಟು ಬೇಕಾದವರು ಬಂದು ಒಯ್ಯುವಂಥ ಜಾಗವಿರಬೇಕೆಂದು ಹೇಳಿದ ಮಾತಿನಿಂದ ಅವರಿಗೆ ಈ ಯೋಚನೆ ಹೊಳೆಯಿತೆಂದು ಆ ಸಂಸ್ಥೆಯ ಚರಿತ್ರೆ ದಾಖಲಿಸುತ್ತದೆ. ಸ್ಥಳೀಯ ಚರ್ಚೊಂದು ಕೊಟ್ಟ 3,000 ಡಾಲರ್ ಮತ್ತು ಒಂದು ಪಾಳುಬಿದ್ದ ಕಟ್ಟಡವೇ ಮೊದಲ ಬಂಡವಾಳ. ಹಸಿದವರ ಅನುಭವದಿಂದಲೇ ಮೂಡಿದ ಸಲಹೆಯೊಂದು ರಾಷ್ಟ್ರವ್ಯಾಪಿ ವ್ಯವಸ್ಥೆಗೆ ಬೀಜವಾಯಿತೆಂಬುದು ನೆನಪಿಡತಕ್ಕ ಸಂಗತಿ. ಏಕೆಂದರೆ ಮುಂದಿನ ದಶಕಗಳಲ್ಲಿ ಆಹಾರ ಪಡೆಯುವವರ ಮಾತನ್ನು ಕೇಳುವುದನ್ನೇ ಈ ವ್ಯವಸ್ಥೆ ಬಹುಮಟ್ಟಿಗೆ ಮರೆತಿತ್ತು.

ಬೆಳವಣಿಗೆಗೆ ಕಾನೂನುಗಳೂ ನೆರವಾದವು. ದಾಸ್ತಾನಿನಲ್ಲಿ ಉಳಿದ ಸರಕನ್ನು ಧರ್ಮಾರ್ಥ ಸಂಸ್ಥೆಗಳಿಗೆ ಕೊಡುವ ಕಂಪನಿಗಳಿಗೆ ಹೆಚ್ಚಿನ ತೆರಿಗೆ ವಿನಾಯಿತಿಯನ್ನು 1976ರ ತೆರಿಗೆ ಸುಧಾರಣಾ ಕಾಯ್ದೆ ಒದಗಿಸಿತು. ವ್ಯಾನ್ ಹೆಂಗೆಲ್ ಕಟ್ಟಿದ ಸೆಕೆಂಡ್ ಹಾರ್ವೆಸ್ಟ್ ಎಂಬ ಜಾಲ ದೇಶದ ಉದ್ದಗಲಕ್ಕೆ ಹರಡಿ, 2008ರಲ್ಲಿ ಫೀಡಿಂಗ್ ಅಮೆರಿಕ ಎಂದು ಹೆಸರು ಬದಲಿಸಿಕೊಂಡಿತು. ಹೈನುಗಾರರಿಗೆ ಬೆಂಬಲ ಬೆಲೆ ಕೊಟ್ಟು ಕೊಂಡ ಚೀಸ್ ಸರ್ಕಾರಿ ಗೋದಾಮುಗಳಲ್ಲಿ ಬೂಷ್ಟು ಹಿಡಿಯುತ್ತಿದ್ದಾಗ, ಅಧ್ಯಕ್ಷ ರೊನಾಲ್ಡ್ ರೇಗನ್ 1981ರ ಡಿಸೆಂಬರ್‌ನಲ್ಲಿ 3 ಕೋಟಿ ಪೌಂಡ್ ಚೀಸನ್ನು ಬಡವರಿಗೆ ಹಂಚಲು ಬಿಡುಗಡೆ ಮಾಡಿದರು. ಅದರ ಬೆನ್ನಿಗೆ ಬಂದ ಯೋಜನೆಗೆ 1983ರಲ್ಲಿ ತಾತ್ಕಾಲಿಕ ತುರ್ತು ಆಹಾರ ನೆರವು ಕಾರ್ಯಕ್ರಮ ಎಂದೇ ಹೆಸರಿಡಲಾಗಿತ್ತು. ತುರ್ತು ಮುಗಿಯಲಿಲ್ಲ, 1990ರಲ್ಲಿ ಹೆಸರಿನಿಂದ ತಾತ್ಕಾಲಿಕ ಎಂಬ ಪದವನ್ನೇ ತೆಗೆದುಹಾಕಲಾಯಿತು. ಇಂದಿಗೂ ಟೆಫಾಪ್ ಎಂಬ ಸಂಕ್ಷಿಪ್ತ ಹೆಸರಿನಲ್ಲಿ ಕೃಷಿ ಇಲಾಖೆಯ ಸರಕು ಪ್ಯಾಂಟ್ರಿಗಳಿಗೆ ಬರುವುದು ಈ ಮಾರ್ಗದಲ್ಲೇ. ಸದ್ಭಾವನೆಯಿಂದ ಕೊಟ್ಟ ಆಹಾರದಿಂದ ಅಕಸ್ಮಾತ್ ತೊಂದರೆಯಾದರೆ ದಾನಿಯನ್ನೂ ಹಂಚಿದವರನ್ನೂ ಮೊಕದ್ದಮೆಯಿಂದ ಕಾಪಾಡುವ ಬಿಲ್ ಎಮರ್ಸನ್ ಕಾಯ್ದೆ 1996ರಲ್ಲಿ ಜಾರಿಗೆ ಬಂತು.

ಅದೇ 1996ರಲ್ಲಿ ಬಂದ ಕಲ್ಯಾಣ ಸುಧಾರಣಾ ಕಾಯ್ದೆಯ ಪರಿಣಾಮ ಇದಕ್ಕೆ ತದ್ವಿರುದ್ಧವಾದುದು. ಮಕ್ಕಳಿರುವ ಬಡ ಕುಟುಂಬಗಳಿಗೆ ಅರ್ಹತೆಯಿದ್ದಷ್ಟು ಕಾಲ ಸಿಗುತ್ತಿದ್ದ ನಗದು ನೆರವಿಗೆ ಆ ಕಾಯ್ದೆ ಕಾಲಮಿತಿ ಹಾಕಿತು. ಮಕ್ಕಳಿಲ್ಲದ, ದುಡಿಯಲು ಶಕ್ತರಾದ ವಯಸ್ಕರು ನಿಗದಿತ ಗಂಟೆಗಳಷ್ಟು ಕೆಲಸ ಮಾಡದಿದ್ದರೆ 36 ತಿಂಗಳಲ್ಲಿ 3 ತಿಂಗಳು ಮಾತ್ರ ಆಹಾರ ಸಹಾಯ ಪಡೆಯಬಹುದೆಂಬ ನಿಯಮ ತಂದಿತು. ಸರ್ಕಾರದ ಕೈ ಹಿಂದೆ ಸರಿದಷ್ಟೂ ಪ್ಯಾಂಟ್ರಿಯ ಸಾಲು ಉದ್ದವಾಯಿತು. ಇಂದು ನಿವೃತ್ತರಾಗಿ ಪ್ಯಾಂಟ್ರಿಗಳಿಗೆ ಬರುತ್ತಿರುವ ಸಮಾಜಕಾರ್ಯಕರ್ತರಲ್ಲಿ ಅನೇಕರು ಈ ಬದಲಾವಣೆಯನ್ನು ಕಚೇರಿಯ ಮೇಜಿನ ಆಚೆ ಬದಿಯಿಂದ, ಅಂದರೆ ನಿಯಮವನ್ನು ಜಾರಿಗೊಳಿಸುವವರಾಗಿ, ಕಂಡ ತಲೆಮಾರಿಗೆ ಸೇರಿದವರು.

ಹಸಿವನ್ನು ಅಲ್ಲಿ ಅಳೆಯುತ್ತಿದ್ದ ಕ್ರಮವನ್ನೂ ಇಲ್ಲಿ ವಿವರಿಸಬೇಕು. ಕೃಷಿ ಇಲಾಖೆ 2024ರವರೆಗೆ ಕುಟುಂಬಗಳನ್ನು ಆಹಾರ ಭದ್ರತೆ ಕುರಿತು ಪ್ರಶ್ನಿಸುತ್ತಿತ್ತು. ಮಕ್ಕಳಿರುವ ಮನೆಗೆ 18 ಪ್ರಶ್ನೆ, ಇಲ್ಲದ ಮನೆಗೆ 10. ಆಹಾರ ಮುಗಿದುಹೋಗಿ ಮತ್ತೆ ಕೊಳ್ಳಲು ಹಣವಿರಲಿಲ್ಲವೇ, ಹಣದ ಕೊರತೆಯಿಂದ ಹೊತ್ತಿನ ಊಟ ಬಿಟ್ಟದ್ದುಂಟೇ, ಮಕ್ಕಳು ಊಟವಿಲ್ಲದೆ ಇದ್ದದ್ದುಂಟೇ ಎಂಬ ಬಗೆಯ ಪ್ರಶ್ನೆಗಳು ಅವು. ಈ ಅಳತೆಯಂತೆ 2023ರಲ್ಲಿ ಶೇ 13.5ರಷ್ಟು ಕುಟುಂಬಗಳು, ಅಂದರೆ 4 ಕೋಟಿ 74 ಲಕ್ಷ ಜನರಿರುವ ಮನೆಗಳು, ವರ್ಷದ ಯಾವುದಾದರೂ ಒಂದು ಅವಧಿಯಲ್ಲಿ ಆಹಾರ ಅಭದ್ರತೆ ಅನುಭವಿಸಿದ್ದವು. ಪ್ರಶ್ನೆಗಳೆಲ್ಲವೂ ಹಣದ ಕೊರತೆಗೆ ಕಟ್ಟಿಬಿದ್ದಿದ್ದವು ಎಂಬುದನ್ನು ಗಮನಿಸಬೇಕು. ಅಂಗಡಿಗಳಲ್ಲಿ ಆಹಾರ ತುಂಬಿತುಳುಕುವ ದೇಶದಲ್ಲಿ ಹಸಿವು ಎಂದರೆ ಬಾಡಿಗೆ, ಔಷಧ, ಕಾರಿನ ರಿಪೇರಿ, ಚಳಿಗಾಲದ ಇಂಧನ ಇವುಗಳ ಲೆಕ್ಕ ಮುಗಿದ ಮೇಲೆ ಊಟಕ್ಕೆ ಉಳಿಯದಿರುವುದು. ಬಾಡಿಗೆ ತಡವಾದರೆ ಮನೆ ಹೋಗುತ್ತದೆ, ಆದರೆ ರಾತ್ರಿಯ ಊಟ ಬಿಟ್ಟರೆ ಕೇಳುವವರಿಲ್ಲ. ಆದ್ದರಿಂದ ಕುಟುಂಬಗಳು ಮೊದಲು ಕತ್ತರಿಸುವುದು ಊಟದ ಖರ್ಚನ್ನು. ಈ ಸರಳ ಸತ್ಯವನ್ನು ಸಮಾಜಸೇವೆಯಲ್ಲಿ ದುಡಿದವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ.

ಸರ್ಕಾರದ ಮುಖ್ಯ ಆಹಾರ ಯೋಜನೆಯಾದ ಸ್ನ್ಯಾಪ್, ಹಿಂದೆ ಫುಡ್ ಸ್ಟ್ಯಾಂಪ್ ಎಂದು ಕರೆಯಲಾಗುತ್ತಿದ್ದುದು, ಕರ್ನಾಟಕದ ನ್ಯಾಯಬೆಲೆ ಅಂಗಡಿಯ ಹಾಗೆ ಧಾನ್ಯ ಕೊಡುವುದಿಲ್ಲ. ಅರ್ಹರಾದವರಿಗೆ ಸಿಗುವ ಕಾರ್ಡಿಗೆ ಪ್ರತಿ ತಿಂಗಳು ಹಣ ಜಮೆಯಾಗುತ್ತದೆ; ಅದನ್ನು ಉಜ್ಜಿ ಸಾಮಾನ್ಯ ಕಿರಾಣಿ ಅಂಗಡಿಯಲ್ಲಿ ಆಹಾರ ಕೊಳ್ಳಬಹುದು. ಸರಾಸರಿ ನೋಡಿದರೆ ತಲೆಗೆ ದಿನಕ್ಕೆ 6 ಡಾಲರ್ ಆಸುಪಾಸು ಬೀಳುವ ಈ ಮೊತ್ತ ಬಹಳ ಮನೆಗಳಲ್ಲಿ ಮೂರನೆಯ ವಾರಕ್ಕೆ ಕರಗುತ್ತದೆ. ಸೋಪು, ಡೈಪರ್, ಶೌಚ ಕಾಗದ, ಅಂಗಡಿಯಲ್ಲೇ ಬಿಸಿ ಮಾಡಿಕೊಟ್ಟ ಊಟ ಇವನ್ನು ಆ ಕಾರ್ಡಿನಿಂದ ಕೊಳ್ಳಲಾಗದು. ತಿಂಗಳ ಕೊನೆಯ ವಾರದಲ್ಲಿ ಪ್ಯಾಂಟ್ರಿಯ ಸಾಲು ಬೆಳೆಯುವುದಕ್ಕೂ, ಸೋಪು ಮತ್ತು ಡೈಪರ್‌ಗಾಗಿ ಜನ ಆತಂಕದಿಂದ ಕೇಳುವುದಕ್ಕೂ ಇದೇ ಕಾರಣ. ಶಾಲೆಗಳಿಗೆ ಬೇಸಿಗೆ ರಜೆ ಬಂದಾಗ ಮಧ್ಯಾಹ್ನದ ಊಟ ತಪ್ಪಿದ ಮಕ್ಕಳಿರುವ ಮನೆಗಳು ಇನ್ನೊಂದು ಅಲೆಯಾಗಿ ಬರುತ್ತವೆ. ದಾಸ್ತಾನನ್ನು ಈ ಏರಿಳಿತಕ್ಕೆ ಹೊಂದಿಸುವುದು ಸಂಚಾಲಕರ ಮೊದಲ ಕೆಲಸ.

ದಾಸ್ತಾನು ಬರುವುದು ಹಲವು ದಿಕ್ಕಿನಿಂದ: ಟೆಫಾಪ್ ಸರಕು, ಫುಡ್ ಬ್ಯಾಂಕಿನಿಂದ ಉಚಿತವಾಗಿಯೋ ಪೌಂಡಿಗೆ ಕೆಲವು ಸೆಂಟುಗಳ ನಿರ್ವಹಣಾ ವೆಚ್ಚ ತೆತ್ತೋ ತರುವ ಆಹಾರ, ಹತ್ತಿರದ ಸೂಪರ್‌ಮಾರ್ಕೆಟ್ ದಿನದ ಕೊನೆಗೆ ಕೊಡುವ ಬ್ರೆಡ್ಡು, ಮಾಂಸ, ತರಕಾರಿ, ಮತ್ತು ಊರಿನವರು ಸಂಗ್ರಹ ಅಭಿಯಾನಗಳಲ್ಲಿ ತಂದುಕೊಡುವ ಡಬ್ಬಿಗಳು. ಕೊನೆಯದು ಕಣ್ಣಿಗೆ ಹೆಚ್ಚು ಬೀಳುತ್ತದೆ, ತೂಕಕ್ಕೆ ಕಡಿಮೆ ಬರುತ್ತದೆ. ಫ್ರಿಜ್ 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್, ಮೀರಬಾರದು, ಫ್ರೀಜರ್ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿರಬೇಕು, ಆ ಅಂಕಿಗಳನ್ನು ಬರೆದಿಡಬೇಕು. ಅಂಚಿನ ಹೊಲಿಗೆಯಲ್ಲಿ ನಗ್ಗಿದ ಅಥವಾ ಉಬ್ಬಿದ ಡಬ್ಬಿಯನ್ನು ಬೊಟುಲಿಸಂ ಎಂಬ ಮಾರಕ ವಿಷಬಾಧೆಯ ಭಯದಿಂದ ಎಸೆಯಲೇಬೇಕು. ಪೊಟ್ಟಣದ ಮೇಲಿನ ದಿನಾಂಕದ ವಿಷಯದಲ್ಲಿ ಮಾತ್ರ ಹೊಸ ಸ್ವಯಂಸೇವಕರಿಗೆ ತಿಳಿಹೇಳುವುದು ಬಹಳಿರುತ್ತದೆ. ಶಿಶುಗಳ ಹಾಲಿನಪುಡಿಯೊಂದನ್ನು ಬಿಟ್ಟರೆ ಆಹಾರಕ್ಕೆ ದಿನಾಂಕ ಹಾಕಬೇಕೆಂಬ ಫೆಡರಲ್ ಕಡ್ಡಾಯ ಅಮೆರಿಕದಲ್ಲಿಲ್ಲ. ತಯಾರಕರು ಹಾಕುವ ದಿನಾಂಕ ಹೆಚ್ಚಾಗಿ ರುಚಿ, ಗುಣಮಟ್ಟ ಕುರಿತದ್ದೇ ಹೊರತು ಸುರಕ್ಷತೆಯದಲ್ಲ. ಇದನ್ನು ತಿಳಿಯದೆ ಒಳ್ಳೆಯ ಆಹಾರವನ್ನು ಎಸೆಯುವುದೂ ತಪ್ಪು, ತಿಳಿಸದೆ ಹಂಚಿ ಪಡೆದವರ ಮನಸ್ಸಿನಲ್ಲಿ ತಮಗೆ ಹಳಸಿದ್ದನ್ನು ಕೊಟ್ಟರೆಂಬ ನೋವು ಉಳಿಸುವುದೂ ತಪ್ಪು.

ಫುಡ್ ಬ್ಯಾಂಕುಗಳ ನಡುವೆ ಆಹಾರ ಹಂಚಿಕೆಯಾಗುವ ವಿಧಾನ ಈ ಕ್ಷೇತ್ರದ ಅತ್ಯಂತ ಕುತೂಹಲಕರ ಭಾಗ, ಪ್ಯಾಂಟ್ರಿಗೂ ಅದರಲ್ಲೊಂದು ಪಾಠವಿದೆ. 2005ರವರೆಗೆ ರಾಷ್ಟ್ರೀಯ ಸಂಸ್ಥೆಯಾದ ಸೆಕೆಂಡ್ ಹಾರ್ವೆಸ್ಟ್ ತನಗೆ ಬಂದ ಲಾರಿ ಲೋಡನ್ನು ಸರದಿಯಲ್ಲಿ ಮೊದಲಿರುವ ಫುಡ್ ಬ್ಯಾಂಕಿಗೆ ಸೂಚಿಸುತ್ತಿತ್ತು. ಯಾರ ಗೋದಾಮಿನಲ್ಲಿ ಏನಿದೆ, ಏನಿಲ್ಲ ಎಂಬುದು ಕೇಂದ್ರ ಕಚೇರಿಗೆ ತಿಳಿಯದ ಕಾರಣ, ಆಲೂಗಡ್ಡೆ ಬೆಳೆಯುವ ಐಡಹೊ ರಾಜ್ಯಕ್ಕೇ ಆಲೂಗಡ್ಡೆ ಹೋಗುವಂಥ ಪ್ರಮಾದಗಳಾಗುತ್ತಿದ್ದವು. ಆಗ ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕ್ಯಾನಿಸ್ ಪ್ರೆಂಡರ್‌ಗಾಸ್ಟ್ ಮತ್ತು ಅವರ ಸಹೋದ್ಯೋಗಿಗಳು ಫುಡ್ ಬ್ಯಾಂಕ್ ನಿರ್ವಾಹಕರ ಜೊತೆ ಕೂತು ಹೊಸ ಪದ್ಧತಿ ರೂಪಿಸಿದರು. ಪ್ರತಿ ಫುಡ್ ಬ್ಯಾಂಕಿಗೂ ಅದರ ಪ್ರದೇಶದ ಬಡತನಕ್ಕೆ ತಕ್ಕಂತೆ ಶೇರು ಎಂಬ ಕೃತಕ ಹಣವನ್ನು ಕೊಟ್ಟು, ಬಂದ ಸರಕನ್ನು ದಿನಕ್ಕೆರಡು ಬಾರಿ ಅದರಲ್ಲೇ ಹರಾಜು ಕೂಗುವುದು. ಖರ್ಚಾದ ಶೇರುಗಳನ್ನು ಮತ್ತೆ ಎಲ್ಲರಿಗೂ ಹಂಚುವುದು. ಬೇಗ ಕೆಡುವ ತರಕಾರಿಗೆ ಬೆಲೆ ಇಳಿಯಿತು. ಬೆಳಗಿನ ತಿಂಡಿಯ ಸೀರಿಯಲ್, ಪಾಸ್ತಾ ಮುಂತಾದವಕ್ಕೆ ಏರಿತು. ಯಾರಿಗೂ ಬೇಡವಾದ ಸರಕನ್ನು ಒಯ್ದವರಿಗೆ ಶೇರುಗಳನ್ನೇ ಕೊಡುವ ಅವಕಾಶವೂ ಅದರಲ್ಲಿತ್ತು. ಮಾರುಕಟ್ಟೆಯೆಂದರೆ ಅನುಮಾನಪಡುವ ಧರ್ಮಕಾರ್ಯದವರೂ ಒಪ್ಪಿಕೊಂಡ ಈ ಪದ್ಧತಿಯ ಹೂರಣ ಒಂದೇ: ತನಗೇನು ಬೇಕೆಂಬುದನ್ನು ಬಲ್ಲವರು ಪಡೆಯುವವರೇ ಹೊರತು ಕೊಡುವವರಲ್ಲ.

ಫುಡ್ ಬ್ಯಾಂಕಿಗೆ ಒಪ್ಪಿಕೊಂಡ ಆ ಮಾತನ್ನು ಕುಟುಂಬಕ್ಕೆ ಒಪ್ಪಿಕೊಳ್ಳಲು ಪ್ಯಾಂಟ್ರಿಗಳು ಹೆಚ್ಚು ಕಾಲ ತೆಗೆದುಕೊಂಡಿವೆ. ಎಲ್ಲರಿಗೂ ಒಂದೇ ಬಗೆಯ ಚೀಲ ಕಟ್ಟಿ ಕೈಗಿಡುವುದು ಹಳೆಯ ರೂಢಿ. ಅಂಗಡಿಯಂತೆ ಕಪಾಟುಗಳಲ್ಲಿ ಜೋಡಿಸಿ, ಕುಟುಂಬದ ಗಾತ್ರಕ್ಕೆ ತಕ್ಕ ಮಿತಿಯೊಳಗೆ ಬೇಕಾದ್ದನ್ನು ಆರಿಸಿಕೊಳ್ಳಲು ಬಿಡುವುದು ಆಯ್ಕೆಯ ಪ್ಯಾಂಟ್ರಿ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಸಿರಪ್ಪಿನ ಹಣ್ಣಿನ ಡಬ್ಬಿ, ಮುಸ್ಲಿಂ ಕುಟುಂಬಕ್ಕೆ ಹಂದಿಮಾಂಸ, ಸಸ್ಯಾಹಾರಿಗೆ ಟ್ಯೂನಾ ಮೀನು, ಒಲೆಯಿಲ್ಲದೆ ಮೋಟೆಲ್ ಕೋಣೆಯಲ್ಲಿ ಬದುಕುವವರಿಗೆ ಒಣ ಬೀನ್ಸ್ ಕೊಟ್ಟ ಚೀಲ ಅರ್ಧ ವ್ಯರ್ಥವೇ. ಆಯ್ಕೆಗೆ ಬಿಟ್ಟರೆ ಜನ ದೋಚಿಬಿಡುತ್ತಾರೆಂಬ ಭಯ ಸ್ವಯಂಸೇವಕರಲ್ಲಿ ಮೊದಮೊದಲು ಇರುತ್ತದೆ. ಬೇಡವಾದುದನ್ನು ಕಪಾಟಿನಲ್ಲೇ ಬಿಟ್ಟುಹೋಗುವವರನ್ನು ಕಂಡ ಮೇಲೆ ಅದು ತಗ್ಗುತ್ತದೆ. ಸಾಲಿನಲ್ಲಿ ನಿಂತವರಿಗೂ ಇಷ್ಟಾನಿಷ್ಟ ಇರಲು ಹಕ್ಕಿದೆ ಎಂಬುದು ಇಲ್ಲಿ ತತ್ತ್ವದ ಮಾತಾಗಿ ಉಳಿಯದೆ ಕಪಾಟು ಜೋಡಿಸುವ ಕ್ರಮವಾಗಿಬಿಡುತ್ತದೆ.

ಇನ್ನು ಸಮಾಜಸೇವಾ ವೃತ್ತಿಯ ಕಡೆಗೆ ತಿರುಗಬಹುದು. ಅಮೆರಿಕದಲ್ಲಿ ಈ ವೃತ್ತಿಗೆ ಎರಡು ಮೂಲಗಳಿವೆ. ಒಂದು, ಲಂಡನ್ನಿನ ಮಾದರಿಯಲ್ಲಿ 1877ರಲ್ಲಿ ಬಫಲೊ ನಗರದಲ್ಲಿ ಆರಂಭವಾದ ದಾನ ಸಂಘಟನಾ ಸಂಘ. ಒಬ್ಬರೇ ಹಲವೆಡೆ ನೆರವು ಪಡೆಯದಂತೆ ನೋಡಿಕೊಳ್ಳಲು ಬಡವರ ಪಟ್ಟಿ ಇಡುವುದು, ಸಂದರ್ಶಕರನ್ನು ಮನೆಗಳಿಗೆ ಕಳಿಸಿ ವಿಚಾರಣೆ ಮಾಡಿಸುವುದು, ನೆರವಿಗೆ ಯೋಗ್ಯರು ಯಾರು, ಅಯೋಗ್ಯರು ಯಾರು ಎಂದು ವಿಂಗಡಿಸುವುದು ಅದರ ಕ್ರಮ. ಆ ಪರಂಪರೆಯಲ್ಲಿ ಬೆಳೆದ ಮೇರಿ ರಿಚ್ಮಂಡ್ 1917ರಲ್ಲಿ ಪ್ರಕಟಿಸಿದ ‘ಸೋಷಿಯಲ್ ಡಯಾಗ್ನಾಸಿಸ್’ ಗ್ರಂಥ, ವ್ಯಕ್ತಿಯ ಸ್ಥಿತಿಯನ್ನು ಪುರಾವೆಗಳಿಂದ ಅರಿಯುವ ವಿಧಾನಕ್ಕೆ ಶಿಸ್ತು ಕೊಟ್ಟು, ಸಮಾಜಕಾರ್ಯವನ್ನು ವೃತ್ತಿಯಾಗಿಸಿತು. ಇನ್ನೊಂದು ಮೂಲ, ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಶಿಕಾಗೊದಲ್ಲಿ ತೆರೆದ ಹಲ್ ಹೌಸ್. ವಲಸಿಗ ಕಾರ್ಮಿಕರ ಕೇರಿಯಲ್ಲೇ ಮನೆ ಮಾಡಿ, ನೆರೆಯವರಾಗಿ ಬದುಕಿ, ಅವರ ಕಷ್ಟಕ್ಕೆ ಕಾರಣವಾದ ಕಾನೂನು, ಕೂಲಿ, ನೈರ್ಮಲ್ಯಗಳ ಸುಧಾರಣೆಗೆ ದುಡಿಯುವುದು ಅಲ್ಲಿನ ದಾರಿ. ಆಧುನಿಕ ಸಮಾಜಸೇವಾ ಕಚೇರಿ ಮಾತಿನಲ್ಲಿ ಆಡಮ್ಸರನ್ನು ಸ್ಮರಿಸಿದರೂ, ಅದರ ಅರ್ಜಿ ನಮೂನೆ, ಆದಾಯದ ಪುರಾವೆ, ಕಡತ, ಮರುಪರಿಶೀಲನೆ ಎಲ್ಲವೂ ಮೊದಲನೆಯ ಪರಂಪರೆಯ ಸಂತಾನವೇ.

ಅಂಥ ಕಚೇರಿಯಲ್ಲಿ ದಶಕಗಳ ಕಾಲ ಕೂತವರಿಗೆ ಪ್ರಶ್ನಿಸುವುದು ರೂಢಿಯಾಗಿರುತ್ತದೆ, ಅದಕ್ಕೆ ಅವರನ್ನು ದೂರಲಾಗದು. ಅರ್ಹತೆ ನಿರ್ಣಯಿಸುವುದೇ ಅವರಿಗೆ ವಹಿಸಿದ್ದ ಕೆಲಸವಾಗಿತ್ತು, ತಪ್ಪು ನಿರ್ಣಯಕ್ಕೆ ಅವರೇ ಉತ್ತರಿಸಬೇಕಾಗಿತ್ತು. ಆದರೆ ಪ್ಯಾಂಟ್ರಿಗೆ ಬಂದ ಮೇಲೆ ಆ ರೂಢಿಯನ್ನು ಬಾಗಿಲಾಚೆ ಬಿಡಬೇಕಾಗುತ್ತದೆ. ಟೆಫಾಪ್ ಸರಕಿಗೆ ಆದಾಯದ ಮಿತಿಯುಂಟು, ಆದರೆ ಬಹಳ ರಾಜ್ಯಗಳಲ್ಲಿ ಬಂದವರ ಸ್ವಯಂ ಘೋಷಣೆಯೇ ಸಾಕು. ಸಂಬಳದ ಚೀಟಿ ತೋರಿಸಬೇಕಿಲ್ಲ. ಆ ಸರಕು ಹಂಚುವಲ್ಲಿ ಪ್ರಾರ್ಥನೆಗೆ ಕೂರುವುದನ್ನು ಷರತ್ತಾಗಿಸುವಂತಿಲ್ಲ, ಜನಾಂಗ, ಮೂಲದೇಶ, ಅಂಗವೈಕಲ್ಯ ಇತ್ಯಾದಿಗಳ ಆಧಾರದ ಮೇಲೆ ಭೇದ ಮಾಡುವಂತಿಲ್ಲ. ಖಾಸಗಿಯಾಗಿ ಬಂದ ಆಹಾರಕ್ಕಂತೂ ಸರ್ಕಾರದ ಯಾವ ಮಿತಿಯೂ ಇಲ್ಲ. ಹೀಗಿದ್ದೂ ಗುರುತಿನ ಚೀಟಿ, ವಿಳಾಸದ ಪುರಾವೆ, ಮನೆಮಂದಿಯ ಜನನ ಪತ್ರ ಕೇಳುವ ಪ್ಯಾಂಟ್ರಿಗಳುಂಟು. ಕೇಳಿದಷ್ಟೂ ಬಾರದೆ ಉಳಿಯುವವರು ನಿಜವಾದ ಕಷ್ಟದಲ್ಲಿರುವವರೇ: ವಿಳಾಸವಿಲ್ಲದವರು, ಗಂಡನ ಹೊಡೆತ ತಪ್ಪಿಸಿಕೊಂಡು ಬಂದವರು, ವಲಸೆಯ ಕಾಗದಪತ್ರ ಅರೆಬರೆಯಾಗಿರುವವರು. ಸರ್ಕಾರಿ ನೆರವು ಪಡೆದವರಿಗೆ ಕಾಯಂ ವಾಸದ ಹಕ್ಕು ತಪ್ಪಬಹುದೆಂಬ ನಿಯಮ 2020ರಲ್ಲಿ ವಿಸ್ತರಣೆಗೊಂಡು ಮರುವರ್ಷವೇ ರದ್ದಾದರೂ, ಅದು ಹುಟ್ಟಿಸಿದ ಭಯ ಪ್ಯಾಂಟ್ರಿಯ ಸಾಲಿನವರೆಗೂ ಹಬ್ಬಿತ್ತು. ಪ್ಯಾಂಟ್ರಿಯ ದಿನಸಿ ಆ ನಿಯಮದ ವ್ಯಾಪ್ತಿಯಲ್ಲಿ ಇರಲೇ ಇಲ್ಲ.

ಬಿಡಬೇಕಾದದ್ದು ವಿಚಾರಣೆಯ ರೂಢಿಯಾದರೆ, ಉಳಿಸಿಕೊಳ್ಳಬೇಕಾದದ್ದು ವ್ಯವಸ್ಥೆಯ ಒಳಮಾರ್ಗಗಳ ತಿಳಿವಳಿಕೆ, ಇದರ ಬೆಲೆ ಯಾವ ಲಾರಿ ಲೋಡಿಗಿಂತಲೂ ಹೆಚ್ಚು. ಒಂದು ನಿದರ್ಶನ ನೋಡಬಹುದು. ಸ್ನ್ಯಾಪ್ ಲೆಕ್ಕದಲ್ಲಿ 60 ವರ್ಷ ದಾಟಿದವರು ಅಥವಾ ಅಂಗವಿಕಲರು ತಿಂಗಳಿಗೆ 35 ಡಾಲರ್ ಮೀರಿ ಕೈಯಿಂದ ತೆತ್ತ ವೈದ್ಯಕೀಯ ವೆಚ್ಚವನ್ನು ತಮ್ಮ ಆದಾಯದಿಂದ ಕಳೆದುಕೊಳ್ಳಬಹುದು. ಔಷಧವಷ್ಟೇ ಅಲ್ಲದೆ ಕನ್ನಡಕ, ಹಲ್ಲಿನ ಸೆಟ್ಟು, ಶ್ರವಣ ಸಾಧನ, ಆಸ್ಪತ್ರೆಗೆ ಹೋಗಿಬರುವ ಖರ್ಚು ಕೂಡ ಈ ಲೆಕ್ಕಕ್ಕೆ ಬರುತ್ತದೆ. ಕಳೆದಷ್ಟೂ ಲೆಕ್ಕದ ಆದಾಯ ತಗ್ಗಿ ಕಾರ್ಡಿಗೆ ಬರುವ ಹಣ ಹೆಚ್ಚುತ್ತದೆ. ಈ ಅವಕಾಶವನ್ನು ಅರಿಯದೆ, ರಸೀದಿಗಳನ್ನು ಎಸೆದು, ಸಣ್ಣ ಮೊತ್ತಕ್ಕೆ ತೃಪ್ತರಾಗುವ, ಇಲ್ಲವೇ ಅಷ್ಟಕ್ಕಾಗಿ ಅರ್ಜಿಯೇಕೆಂದು ಕೈಬಿಡುವ ವೃದ್ಧರು ಬಹಳ. ಕಪಾಟಿನ ಬಳಿ ನಿಂತು ಮಾತನಾಡುತ್ತ, ಔಷಧದ ರಸೀದಿಗಳನ್ನು ಲಕೋಟೆಯಲ್ಲಿ ಕೂಡಿಡಿ ಎಂದು ಸಂಚಾಲಕರು ಹೇಳುವ ಒಂದು ಮಾತು, ಆ ವೃದ್ಧರಿಗೆ ತಿಂಗಳು ತಿಂಗಳೂ ಆಹಾರದ ಹಣವಾಗಿ ಮರಳುತ್ತದೆ. ಪ್ಯಾಂಟ್ರಿ ಒಮ್ಮೆ ಕೊಡುವ ಚೀಲ ಮೂರು ದಿನಕ್ಕೆ ಖಾಲಿ.

ಇಂಥ ತಿಳಿವಳಿಕೆಯ ತುಣುಕುಗಳು ಇನ್ನೂ ಹಲವು. ಸ್ನ್ಯಾಪ್ ಅರ್ಹತೆಯನ್ನು ಕಾಲಕಾಲಕ್ಕೆ ನವೀಕರಿಸಬೇಕು. ಮನೆ ಬದಲಿಸಿದ ಕುಟುಂಬಕ್ಕೆ ಆ ಕಾಗದ ತಲುಪದೆ, ಆದಾಯ ಹೆಚ್ಚದಿದ್ದರೂ ನೆರವು ನಿಂತುಹೋಗುವುದು ಸಾಮಾನ್ಯ, ಮತ್ತೆ ಅರ್ಜಿ ಹಾಕಿ ಪಡೆಯುವವರೆಗಿನ ವಾರಗಳಲ್ಲಿ ಆ ಕುಟುಂಬ ಪ್ಯಾಂಟ್ರಿಯ ಸಾಲಿನಲ್ಲಿರುತ್ತದೆ. ಗರ್ಭಿಣಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ವಿಕ್ ಎಂಬ ಪ್ರತ್ಯೇಕ ಪೌಷ್ಟಿಕ ಆಹಾರ ಯೋಜನೆಯಿದೆ. ಚಳಿಗಾಲದ ಇಂಧನದ ಬಿಲ್ಲಿಗೆ ಇನ್ನೊಂದು ನೆರವಿದೆ. ಸ್ಥಳೀಯ ಸೇವೆಗಳ ಮಾಹಿತಿಗೆ 211 ಎಂಬ ದೂರವಾಣಿ ಸಂಖ್ಯೆಯಿದೆ. ಸಂಖ್ಯೆ ಬರೆದುಕೊಡುವುದು ಯಾರಿಂದಲೂ ಆದೀತು. ಆ ಸಂಖ್ಯೆಗೆ ಕರೆ ಮಾಡಿದ ಮೇಲೆ ಏನು ಕೇಳುತ್ತಾರೆ, ನಿರಾಕರಿಸಿದರೆ ಮೇಲ್ಮನವಿಗೆ ಎಷ್ಟು ದಿನ ಅವಕಾಶ, ಯಾವ ಕಾಗದ ಇಲ್ಲದಿದ್ದರೂ ನಡೆಯುತ್ತದೆ ಎಂಬುದನ್ನು ಹೇಳಬಲ್ಲವರು ಆ ಕಚೇರಿಯ ಒಳಗೆ ಕೂತು ಬಂದವರೇ.

ಆಹಾರದ ಜೊತೆ ಇಂಥ ಆಸರೆಯನ್ನು ಸೇರಿಸಿದರೆ ಫಲವೇನೆಂಬುದಕ್ಕೆ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಫ್ರೆಶ್‌ಪ್ಲೇಸ್ ಪ್ಯಾಂಟ್ರಿಯ ಅನುಭವ ಆಧಾರವಾಗಿದೆ. 2010ರಲ್ಲಿ ಆರಂಭವಾದ ಆ ಪ್ಯಾಂಟ್ರಿಯಲ್ಲಿ ಸದಸ್ಯರು ತಮಗೆ ಬೇಕಾದ ಆಹಾರ, ವಿಶೇಷವಾಗಿ ತಾಜಾ ಪದಾರ್ಥ, ಆರಿಸಿಕೊಳ್ಳುವುದರ ಜೊತೆಗೆ ತಿಂಗಳಿಗೊಮ್ಮೆ ಕಾರ್ಯಕರ್ತರೊಬ್ಬರ ಜೊತೆ ಕೂತು ತಮ್ಮ ಗುರಿಗಳನ್ನು ಕುರಿತು ಮಾತನಾಡುತ್ತಿದ್ದರು. ಸಂಶೋಧಕಿ ಕೇಟಿ ಮಾರ್ಟಿನ್ ಮತ್ತು ಸಹೋದ್ಯೋಗಿಗಳು 228 ವಯಸ್ಕರನ್ನು ಚೀಟಿಯೆತ್ತಿದಂತೆ ಎರಡು ಗುಂಪಾಗಿಸಿ, ಒಂದು ಗುಂಪು ಫ್ರೆಶ್‌ಪ್ಲೇಸ್‌ಗೆ, ಇನ್ನೊಂದು ಸಾಮಾನ್ಯ ಪ್ಯಾಂಟ್ರಿಗಳಿಗೆ ಹೋಗುವಂತೆ ಮಾಡಿ ಹೋಲಿಸಿದರು. ಮೊದಲನೆಯ ಗುಂಪಿನಲ್ಲಿ ತೀವ್ರ ಆಹಾರ ಅಭದ್ರತೆ ಗಣನೀಯವಾಗಿ ಇಳಿಯಿತು, ಸ್ವಾವಲಂಬನೆಯ ಅಳತೆಯೂ ಉತ್ತಮಗೊಂಡಿತೆಂದು 2013ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುತ್ತದೆ. ಮಾತುಕತೆ ಅಲ್ಲಿ ಉಪದೇಶವಾಗಿರಲಿಲ್ಲ. ಏನು ಬದಲಾಗಬೇಕೆಂಬುದನ್ನು ವ್ಯಕ್ತಿಯ ಬಾಯಿಂದಲೇ ಹೊರಡಿಸುವ, ಸಮಾಜಕಾರ್ಯದಲ್ಲಿ ಪರಿಚಿತವಾದ ಪ್ರೇರಣಾತ್ಮಕ ಸಂವಾದದ ವಿಧಾನವನ್ನು ಅದು ಅನುಸರಿಸಿತ್ತು.

ಸಂಚಾಲಕರಿಗೆ ಅತ್ಯಂತ ಕಷ್ಟವಾಗುವುದು ಬಹುಶಃ ಬಂದವರನ್ನು ಅಲ್ಲ, ಸ್ವಯಂಸೇವಕರನ್ನು ಅರ್ಥಮಾಡಿಕೊಳ್ಳುವುದು. ಹೊಸ ಕಾರಿನಲ್ಲಿ ಬಂದರು, ಕೈಯಲ್ಲಿ ದುಬಾರಿ ಫೋನಿದೆ, ಕಳೆದ ವಾರವೂ ಬಂದಿದ್ದರು ಎಂಬ ಗೊಣಗು ಕಪಾಟುಗಳ ಹಿಂದೆ ಕೇಳಿಸುತ್ತಲೇ ಇರುತ್ತದೆ. ಕಾರು ಕೆಲಸ ಕಳೆದುಕೊಳ್ಳುವ ಮೊದಲು ಸಾಲದಲ್ಲಿ ಕೊಂಡದ್ದಿರಬಹುದು, ನೆರೆಯ ವೃದ್ಧೆಯನ್ನು ಕರೆತಂದವರದಿರಬಹುದು. ಬಸ್ಸೇ ಇಲ್ಲದ ಊರಿನಲ್ಲಿ ಅದನ್ನು ಮಾರಿದರೆ ಮುಂದಿನ ಕೆಲಸವೂ ಹೋಗುತ್ತದೆ. ಇದನ್ನು ಗದರಿಸಿ ಹೇಳಿದರೆ ಸಂಬಳವಿಲ್ಲದೆ ದುಡಿಯುವವರು ಮರುವಾರ ಬರುವುದಿಲ್ಲ, ಹೇಳದೆ ಬಿಟ್ಟರೆ ಬಂದವರು ಮುಖ ತಗ್ಗಿಸಿ ನಡೆಯಬೇಕಾಗುತ್ತದೆ. ಕಿರಿಯ ಸಮಾಜಕಾರ್ಯಕರ್ತರಿಗೆ ಮೇಲ್ವಿಚಾರಕರಾಗಿದ್ದ ಅನುಭವ ಇಲ್ಲಿ ಒದಗುತ್ತದೆ. ವಿತರಣೆ ಮುಗಿದ ಮೇಲೆ ಕೂತು ಮಾತನಾಡುವುದು, ಆಹಾರ ಪಡೆಯುವವರನ್ನೇ ಸ್ವಯಂಸೇವಕರನ್ನಾಗಿ ಸೇರಿಸಿಕೊಳ್ಳುವುದು ಗೊಣಗನ್ನು ಆದೇಶಕ್ಕಿಂತ ಬೇಗ ಕರಗಿಸುತ್ತದೆ. ಗೋಪ್ಯತೆಯ ವಿಷಯವೂ ಹಾಗೆಯೇ. ಸಣ್ಣ ಊರಿನಲ್ಲಿ ಸಾಲಿನಲ್ಲಿ ನಿಂತವರು ಸಂಚಾಲಕರ ಹಳೆಯ ಕಡತವೊಂದರಲ್ಲಿ ಇದ್ದವರೇ ಆಗಿರಬಹುದು. ಆಗ ಪರಿಚಯ ತೋರಿಸಬೇಕೋ ಬೇಡವೋ ಎಂಬುದನ್ನು ಬಂದವರ ಇಚ್ಛೆಗೇ ಬಿಡುವುದು ಆ ವೃತ್ತಿಯ ಶಿಷ್ಟಾಚಾರ.

ಕಾಲೇಜು ಆವರಣಗಳಿಗೂ ಪ್ಯಾಂಟ್ರಿಗಳು ಬಂದಿವೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ವಿದ್ಯಾರ್ಥಿಗಳೇ ನಡೆಸುವ ಫುಡ್ ಬ್ಯಾಂಕ್ ಆರಂಭವಾಯಿತು, ಈಗ ನೂರಾರು ಕ್ಯಾಂಪಸ್ಸುಗಳಲ್ಲಿ ಅಂಥವಿವೆ. ಕರ್ನಾಟಕದಿಂದ ಸಾಲ ಮಾಡಿ ಓದಲು ಹೋದವರಿಗೂ ಇದು ಸಂಬಂಧಿಸಿದ ಸಂಗತಿ. ವಿದ್ಯಾರ್ಥಿ ವೀಸಾದಲ್ಲಿರುವವರು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಅದೂ ಸಾಮಾನ್ಯವಾಗಿ ಕ್ಯಾಂಪಸ್ಸಿನ ಒಳಗೆ ಮಾತ್ರ; ಸ್ನ್ಯಾಪ್ ಅವರಿಗೆ ಸಿಗದು. ತಿಂಗಳ ಕೊನೆಗೆ ಅಕ್ಕಿ ಬೇಳೆಗೆ ಕ್ಯಾಂಪಸ್ ಪ್ಯಾಂಟ್ರಿಯತ್ತ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಈ ವ್ಯವಸ್ಥೆಯ ಮೇಲಿನ ಗಂಭೀರ ಆಕ್ಷೇಪವನ್ನು ಬದಿಗೆ ಸರಿಸಲಾಗದು. ಸಮಾಜಶಾಸ್ತ್ರಜ್ಞೆ ಜಾನೆಟ್ ಪಾಪೆಂಡಿಕ್ 1998ರ ತಮ್ಮ ‘ಸ್ವೀಟ್ ಚಾರಿಟಿ?’ ಗ್ರಂಥದಲ್ಲಿ, ದಾನದ ಆಹಾರ ಹಸಿವಿಗೆ ಏನೋ ಪರಿಹಾರ ನಡೆಯುತ್ತಿದೆಯೆಂಬ ನೆಮ್ಮದಿಯನ್ನು ಸಮಾಜಕ್ಕೆ ಕೊಟ್ಟು, ಆಹಾರವನ್ನು ಹಕ್ಕಾಗಿ ಒದಗಿಸಬೇಕಾದ ಸರ್ಕಾರದ ಮೇಲಿನ ಒತ್ತಡವನ್ನು ತಗ್ಗಿಸುತ್ತದೆಂದು ವಾದಿಸಿದರು. ಭಾರತದ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಧಾನ್ಯವನ್ನು ಕಾನೂನಿನ ಹಕ್ಕಾಗಿಸಿದೆ. ಪಡಿತರ ತಪ್ಪಿದರೆ ದೂರು ಕೊಡಲು ಅಧಿಕಾರಿ ಇದ್ದಾರೆ. ಪ್ಯಾಂಟ್ರಿಯಲ್ಲಿ ಕಪಾಟು ಖಾಲಿಯಾದರೆ ದೂರಲು ಯಾರೂ ಇಲ್ಲ. ಫುಡ್ ಬ್ಯಾಂಕುಗಳು ಒಂದು ಊಟ ಒದಗಿಸುವಲ್ಲಿ ಸ್ನ್ಯಾಪ್ ಒಂಬತ್ತು ಊಟ ಒದಗಿಸುತ್ತದೆಂದು ಫೀಡಿಂಗ್ ಅಮೆರಿಕವೇ ಹೇಳುತ್ತದೆ. ಪಾಪೆಂಡಿಕ್‌ರ ವಾದ ಸರಿಯಾದದ್ದೇ. ಆದರೆ ಅದರಿಂದ ಪ್ಯಾಂಟ್ರಿ ಮುಚ್ಚಬೇಕೆಂಬ ತೀರ್ಮಾನ ಹೊರಡುವುದಿಲ್ಲ, ಪ್ಯಾಂಟ್ರಿ ತನ್ನ ಸಾಲಿನಲ್ಲಿ ಕಂಡದ್ದನ್ನು ಶಾಸಕರಿಗೆ ಮುಟ್ಟಿಸಬೇಕೆಂಬ ತೀರ್ಮಾನ ಹೊರಡುತ್ತದೆ. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಗಳು ಅಭ್ಯರ್ಥಿಗಳ ಪರ ಪ್ರಚಾರ ಮಾಡುವಂತಿಲ್ಲವಾದರೂ, ಕಾನೂನುಗಳ ಬಗ್ಗೆ ಮಿತಿಯೊಳಗೆ ಮಾತನಾಡಲು ಅಡ್ಡಿಯಿಲ್ಲ. ಸರ್ಕಾರಿ ನೌಕರಿಯಲ್ಲಿದ್ದಾಗ ಬಾಯಿ ಕಟ್ಟಿದ್ದವರಿಗೆ ನಿವೃತ್ತಿ ಆ ಸ್ವಾತಂತ್ರ್ಯವನ್ನೂ ಕೊಟ್ಟಿದೆ.

ಒಂಬತ್ತಕ್ಕೆ ಒಂದು ಎಂಬ ಆ ಲೆಕ್ಕ 2025ರ ಶರತ್ಕಾಲದಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಆಯವ್ಯಯಕ್ಕೆ ಸಂಸತ್ತಿನ ಒಪ್ಪಿಗೆ ಸಿಗದೆ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಫೆಡರಲ್ ಸರ್ಕಾರದ ಕಾರ್ಯಕಲಾಪ ಸ್ಥಗಿತಗೊಂಡಾಗ, ಸುಮಾರು 4 ಕೋಟಿ 20 ಲಕ್ಷ ಜನ ಅವಲಂಬಿಸಿದ ಸ್ನ್ಯಾಪ್ ಹಣ ನವೆಂಬರ್ ತಿಂಗಳ ಮೊದಲಿಗೆ ಬಿಡುಗಡೆಯಾಗಲಿಲ್ಲ. ಸಂಬಳ ನಿಂತ ಸರ್ಕಾರಿ ನೌಕರರೂ ಪ್ಯಾಂಟ್ರಿಗಳ ಸಾಲಿಗೆ ಬಂದರು. ಒಂಬತ್ತು ಪಾಲಿನ ಕೊರತೆಯನ್ನು ಒಂದು ಪಾಲಿನಿಂದ ತುಂಬಲಾಗದೆ ಎಷ್ಟೋ ಪ್ಯಾಂಟ್ರಿಗಳು ಮನೆಗೆ ಕೊಡುವ ಪ್ರಮಾಣವನ್ನೇ ಇಳಿಸಬೇಕಾಯಿತು.

ಇಂಥ ಒತ್ತಡವನ್ನು ಹೊರುವ ಸಂಚಾಲಕರ ವಯಸ್ಸು ಹೆಚ್ಚಾಗಿ ಅರವತ್ತೈದು, ಎಪ್ಪತ್ತು ದಾಟಿರುತ್ತದೆಂಬುದು ಕ್ಷೇತ್ರದ ಬಲಹೀನತೆ. ಒಬ್ಬರ ಮೊಣಕಾಲು ಕೈಕೊಟ್ಟರೆ ಒಂದು ಊರಿನ ಪ್ಯಾಂಟ್ರಿ ನಿಲ್ಲುವ ಸ್ಥಿತಿ ಇರಬಾರದು. ತಾಪಮಾನದ ಪುಸ್ತಕ, ಟೆಫಾಪ್ ವರದಿ, ಫುಡ್ ಬ್ಯಾಂಕಿನ ಆರ್ಡರ್ ಕ್ರಮ ಇವು ಕಾಗದದ ಮೇಲಿರುವುದರಿಂದ ಮುಂದಿನವರಿಗೆ ದಾಟಿಸುವುದು ಸುಲಭ; ಯಾವ ಮಳಿಗೆಯ ಹಿಂಬಾಗಿಲಿಗೆ ಯಾವ ಹೊತ್ತಿನಲ್ಲಿ ಹೋದರೆ ಹಾಲು ಸಿಗುತ್ತದೆ, ಕೌಂಟಿ ಕಚೇರಿಯಲ್ಲಿ ಯಾವ ಮೇಜಿನವರು ಫೋನೆತ್ತುತ್ತಾರೆ, ಯಾವ ನಿರಾಕರಣೆ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ ಎಂಬುದೆಲ್ಲ ಒಬ್ಬರ ನೆನಪಿನಲ್ಲಷ್ಟೇ ಇರುತ್ತದೆ. ಆದ್ದರಿಂದ ಸಂಚಾಲಕರ ಪಕ್ಕದಲ್ಲಿ ಇನ್ನೊಬ್ಬರನ್ನು, ಸಾಧ್ಯವಾದರೆ ಸಾಲಿನಿಂದಲೇ ಬಂದ ಕಿರಿಯರೊಬ್ಬರನ್ನು, ಸಂಬಳ ಕೊಟ್ಟು ಕೂರಿಸಿ ಒಂದು ವರ್ಷ ಜೊತೆಯಲ್ಲಿ ಕೆಲಸ ಮಾಡಿಸುವುದು ಪ್ಯಾಂಟ್ರಿಯ ಆಡಳಿತ ಮಂಡಳಿಗಳು ಹೊಸ ಫ್ರೀಜರಿಗಿಂತ ಮೊದಲು ಹಣ ತೆಗೆದಿಡಬೇಕಾದ ಖರ್ಚು.